ಲೋಟನ ಹೆಂಡತಿಯ ಕೊಳಗಳಿಗೆ

ಮೋಡದೊಳಗೆ ನಡೆಯುತ್ತಿದ್ದೇನೆ. ಒಗೆದು ಹರವಿದ ಸೀರೆಗಳ ಸಾಲಿನಲ್ಲಿ ನುಸುಳುವಾಗ ಆಗುವಂತೆ, ತಣ್ಣಗಿನ ಏನೋ ಮುಖಕ್ಕೆ ತಾಗಿ ಸರಿದುಹೋಗುತ್ತದೆ. ಕಾಣುವುದು ಮುಂದಿನ ನಾಲ್ಕು ಮರದ ಮೆಟ್ಟಿಲು, ಅದರಾಚೆ ದಾರಿ ತೋರಿಸುವವರ ಹಳದಿ ಮಳೆಯಂಗಿ, ಅಷ್ಟೇ. ಮೆಟ್ಟಿಲುಗಳ ನಡುವಿನ ಕೆಮ್ಮಣ್ಣು ನೆನೆದು ಬೆಣ್ಣೆಯಂತಾಗಿದೆ. ಮಳೆ ಬರುತ್ತಿಲ್ಲ. ಆದರೂ ಸುತ್ತಲೂ ತೊಟ್ಟಿಕ್ಕುವ ಸದ್ದು. ಎಲೆಯಿಂದ ಎಲೆಗೆ, ಎಲೆಯಿಂದ ಪಾಚಿಗೆ, ಪಾಚಿಯಿಂದ ನೆಲಕ್ಕೆ.

ಹಳದಿ ಅಂಗಿಯವರು ನಿಂತು ಒಂದು ಜರೀಮರದ ಗರಿಯನ್ನು ಬೆರಳಿನಿಂದ ಮೀಟುತ್ತಾರೆ. ಸಾಲಾಗಿ ತೂಗುತ್ತಿದ್ದ ಹನಿಗಳೆಲ್ಲ ಒಟ್ಟಿಗೆ ಉದುರುತ್ತವೆ. ಆಗ್ನೇಯದಿಂದ ಬೀಸುವ ಗಾಳಿ ಸಮುದ್ರದ ತೇವವನ್ನು ಹೊತ್ತು ತಂದು ಈ ಏಣಿಗೆ ಡಿಕ್ಕಿ ಹೊಡೆಯುತ್ತದೆ, ಮೇಲಿನ ಕಾಡು ಅದನ್ನು ಹಿಂಡಿ ಇಳಿಸುತ್ತದೆ. ಕೆಳಗಿನ ಝರಿಗಳಿಗೂ ಊರಿನ ನಲ್ಲಿಗಳಿಗೂ ಇದೇ ಆಧಾರ. ಇಲ್ಲಿ ಒಂದು ಮರ ಕಡಿದರೆ ಕೆಳಗೆ ಒಂದು ಕೊಡ ನೀರು ಕಡಿಮೆ ಎಂದು ಅವರು ಹೇಳುವಾಗ ಅದರಲ್ಲಿ ಉಪದೇಶದ ಧಾಟಿಯಿಲ್ಲ, ಮನೆಯ ಲೆಕ್ಕ ಹೇಳುವ ಧಾಟಿಯಿದೆ.

ಸೇಂಟ್ ಹೆಲೆನಾ ದ್ವೀಪದ ನೆತ್ತಿ ಇದು. ಹೆಸರು ಡಯಾನಾಸ್ ಪೀಕ್, ಎತ್ತರ 800 ಮೀಟರಿಗೆ ಸ್ವಲ್ಪ ಹೆಚ್ಚು. ಸಂಖ್ಯೆ ದೊಡ್ಡದೆನಿಸದು. ಆದರೆ ಈ ಗುಡ್ಡ ಸಮುದ್ರದ ಮಟ್ಟದಿಂದ ಶುರುವಾದದ್ದಲ್ಲ, ಅಟ್ಲಾಂಟಿಕ್ ಸಾಗರದ ತಳದಿಂದ ಎದ್ದು ಬಂದದ್ದು. ನಾವು ನಿಂತಿರುವುದು ನಾಲ್ಕು ಸಾವಿರ ಮೀಟರಿಗೂ ಮಿಕ್ಕಿದ ಅಗ್ನಿಪರ್ವತದ ಕೊನೆಯ ತುದಿಯಲ್ಲಿ. ಪೂರ್ವಕ್ಕೆ ಆಫ್ರಿಕಾದ ಕರಾವಳಿ ಸುಮಾರು 1,900 ಕಿಲೋಮೀಟರ್, ಪಶ್ಚಿಮಕ್ಕೆ ಬ್ರೆಜಿಲ್ ಇನ್ನೂ ದೂರ. ನಡುವೆ 120 ಚದರ ಕಿಲೋಮೀಟರಿನಷ್ಟು ನೆಲ, ಅದರ ಮೇಲೆ ನಾಲ್ಕು ಸಾವಿರ ಚಿಲ್ಲರೆ ಜನ. ತಮ್ಮನ್ನು ಅವರು 'ಸೇಂಟ್ಸ್' ಎಂದೇ ಕರೆದುಕೊಳ್ಳುತ್ತಾರೆ. 2017ರವರೆಗೆ ಇಲ್ಲಿಗೆ ಪ್ರಯಾಣಿಕರ ವಿಮಾನವೇ ಇರಲಿಲ್ಲ. ಆಗೆಲ್ಲ ಕೇಪ್‌ಟೌನಿನಿಂದ ಹಡಗು ಹತ್ತಿದರೆ ಐದು ಹಗಲು, ಐದು ರಾತ್ರಿ.

ಮೋಡ ಕೊಂಚ ತೆಳುವಾದಾಗ ಪಕ್ಕದ ಮರ ಕಾಣುತ್ತದೆ. ಕಪ್ಪು ಕಾಂಡ, ತಿರುಚಿದ ಕೊಂಬೆ, ತುದಿಯಲ್ಲಿ ಗೊಂಚಲು ಗೊಂಚಲಾಗಿ ಹೊಳೆಯುವ ದಪ್ಪ ಎಲೆ. ಬ್ಲ್ಯಾಕ್ ಕ್ಯಾಬೇಜ್ ಮರ ಅನ್ನುತ್ತಾರೆ, ಆದರೆ ಎಲೆಕೋಸಿಗೂ ಇದಕ್ಕೂ ಸಂಬಂಧವಿಲ್ಲ. ಇದು ಸೇವಂತಿಗೆಯ ಬಳಗ! ಮಣ್ಣಿಗಂಟಿ ಬೆಳೆಯುವ ಗಿಡಗಳ ಯಾವುದೋ ಬೀಜ ಲಕ್ಷಾಂತರ ವರ್ಷಗಳ ಹಿಂದೆ ಗಾಳಿಯಲ್ಲೋ ಹಕ್ಕಿಯ ಕಾಲಿನ ಕೆಸರಿನಲ್ಲೋ ಇಲ್ಲಿಗೆ ಬಂತು. ಬಂದು ನೋಡಿದರೆ ಎತ್ತರದ ಜಾಗ ಖಾಲಿ. ಮರವಾಗುವವರು ಯಾರೂ ಇಲ್ಲದ ಕಡೆ ಸೇವಂತಿಗೆಯೇ ಮರವಾಯಿತು. ಜರೀಮರಗಳ ಒದ್ದೆ ಕಾಂಡದ ಮೇಲೆ ಅದರ ಎಳೆಯ ಸಸಿಗಳು ಮೊಳೆತಿವೆ, ಅಜ್ಜಿಯ ಬೆನ್ನೇರಿದ ಮೊಮ್ಮಕ್ಕಳ ಹಾಗೆ. ಇಂಥ ಮರಗಳು ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಇವುಗಳ ಮೇಲೆ ಬದುಕುವ ಹುಳುಗಳೂ ಬೇರೆಲ್ಲೂ ಇಲ್ಲ. ಜರೀಗರಿಯ ಅಡಿಯಲ್ಲಿ ಮೈತುಂಬ ಮುಳ್ಳಿರುವ, ಅರಿಶಿನಕ್ಕಿಂತ ಹಳದಿಯಾದ ಒಂದು ಪುಟ್ಟ ಜೀವಿ ಇದೆಯಂತೆ. ಹತ್ತಾರು ಗರಿಗಳನ್ನು ಮೆಲ್ಲನೆ ಮಗುಚಿ ಹುಡುಕಿದೆವು. ಸಿಗಲಿಲ್ಲ.

ಈ ಕಾಡು ಎಷ್ಟು ಚಿಕ್ಕದೆಂಬುದು ಹತ್ತು ನಿಮಿಷ ನಡೆದರೆ ಗೊತ್ತಾಗುತ್ತದೆ. ಎರಡೂ ಮಗ್ಗುಲಲ್ಲಿ ಕತ್ತಿಯಂಥ ಎಲೆಗಳ ಪೊದೆ ಎದೆಯೆತ್ತರಕ್ಕೆ ಒತ್ತಿಕೊಂಡು ನಿಂತಿದೆ. ನ್ಯೂಜಿಲೆಂಡಿನಿಂದ ತಂದ ನಾರಿನ ಗಿಡ, ಇಲ್ಲಿಯವರ ಬಾಯಲ್ಲಿ ಫ್ಲ್ಯಾಕ್ಸ್. 1907ರಿಂದ 1966ರವರೆಗೆ ದ್ವೀಪ ಇದನ್ನೇ ನಂಬಿ ಬದುಕಿತು. ಬ್ರಿಟನ್ನಿನ ಅಂಚೆ ಇಲಾಖೆಯ ಚೀಲಗಳಿಗೂ ಹುರಿಗೂ ಇಲ್ಲಿಯ ನಾರು ಬೇಕಿತ್ತು. ಅದಕ್ಕಾಗಿ ಕಾಡು ಕಡಿದು ಏಣಿನವರೆಗೂ ನೆಟ್ಟರು. ಕೃತಕ ದಾರ ಬಂದಾಗ ಗಿರಣಿಗಳು ಮುಚ್ಚಿದವು, ಜನ ಕೆಲಸ ಕಳೆದುಕೊಂಡರು, ಗಿಡ ಮಾತ್ರ ಹೋಗಲಿಲ್ಲ. ಅದನ್ನು ಕೈಯಿಂದ ಬುಡಸಮೇತ ಕಿತ್ತು ಆ ಜಾಗದಲ್ಲಿ ಮೂಲದ ಸಸಿ ನೆಡುವ ಕೆಲಸ ವರ್ಷಗಳಿಂದ ನಡೆದಿದೆ. ಹಳದಿ ಅಂಗಿಯವರ ತಾಯಿ ಎಳೆಯ ವಯಸ್ಸಿನಲ್ಲಿ ಫ್ಲ್ಯಾಕ್ಸ್ ಗಿರಣಿಗೆ ದುಡಿಯಲು ಹೋಗುತ್ತಿದ್ದರು. ಮಗಳು ಅದೇ ಗಿಡವನ್ನು ಕೀಳುವ ಕೆಲಸಕ್ಕೆ ಹೋಗುತ್ತಾರೆ.

ತುದಿಯಲ್ಲಿ ಒಂದು ಪೆಟ್ಟಿಗೆ ಇದೆ. ದ್ವೀಪದ ಹೆಸರಾಂತ ಕಾಲುಹಾದಿಗಳ ಕೊನೆಯಲ್ಲೆಲ್ಲ ಇಂಥದ್ದೊಂದು ಇರುತ್ತದೆ. 'ಪೋಸ್ಟ್ ಬಾಕ್ಸ್' ಎನ್ನುತ್ತಾರೆ. ಒಳಗೆ ಒಂದು ನೋಟ್ ಪುಸ್ತಕ, ಆ ಹಾದಿಯದೇ ಒಂದು ರಬ್ಬರ್ ಮುದ್ರೆ. ನನ್ನ ಟಿಪ್ಪಣಿ ಪುಸ್ತಕದ ಒದ್ದೆ ಹಾಳೆಯ ಮೇಲೆ ಮುದ್ರೆ ಒತ್ತಿದೆ, ಮಸಿ ಹರಡಿತು. ಇಲ್ಲಿಂದ ಅಷ್ಟು ದೂರವಲ್ಲದ ಇನ್ನೊಂದು ದಿಣ್ಣೆಯಲ್ಲಿ 1677ರಲ್ಲಿ ಎಡ್ಮಂಡ್ ಹ್ಯಾಲಿ ದೂರದರ್ಶಕ ಹೂಡಿ ಕುಳಿತಿದ್ದ. ಇಪ್ಪತ್ತರ ಹುಡುಗ, ಧೂಮಕೇತುವಿಗೆ ಅವನ ಹೆಸರು ಬರುವುದಕ್ಕೆ ಬಹಳ ಮುಂಚೆ. ದಕ್ಷಿಣದ ಆಕಾಶದ 341 ನಕ್ಷತ್ರಗಳ ಸ್ಥಾನ ಗುರುತಿಸಿದ. ಈ ಮೋಡದಲ್ಲಿ ಅದು ಹೇಗೆ ಸಾಧ್ಯವಾಯಿತೆಂದು ಯೋಚಿಸುತ್ತಿರುವಾಗಲೇ ಗಾಳಿ ಒಂದು ಕ್ಷಣ ಪರದೆ ಎತ್ತಿತು.

ಕೆಳಗೆ ಎರಡು ದ್ವೀಪಗಳು. ಕಾಲ ಬಳಿಯಿಂದ ಅರ್ಧದವರೆಗೆ ಹಸಿರು. ಅಲ್ಲಿಂದಾಚೆ, ಯಾರೋ ಚರ್ಮ ಸುಲಿದ ಹಾಗೆ, ಕೆಂಪು, ನೇರಳೆ, ಬೂದಿ, ಗಂಧಕದ ಹಳದಿ. ಆ ಬತ್ತಲೆ ನೆಲದ ನಡುವೆ ಎರಡು ಕೋಡುಗಲ್ಲುಗಳು ಆಕಾಶಕ್ಕೆ ಎದ್ದಿವೆ. ಲಾಟ್ ಮತ್ತು ಲಾಟನ ಹೆಂಡತಿ. ಬೈಬಲಿನ ಕಥೆಯವರೇ, ನಮ್ಮ ಕನ್ನಡ ಬೈಬಲಿನಲ್ಲಿ ಲೋಟ ಎಂದಿರುವವನು. ಉರಿಯುವ ಊರನ್ನು ಹಿಂತಿರುಗಿ ನೋಡಿದ್ದಕ್ಕೆ ಉಪ್ಪಿನ ಕಂಬವಾದ ಅವನ ಹೆಂಡತಿ. ಮಧ್ಯಾಹ್ನ ನಾವು ಹೋಗಬೇಕಾದದ್ದು ಅವಳ ಕಾಲಬುಡದ ಕೊಳಗಳಿಗೆ. ಪರದೆ ಮತ್ತೆ ಬಿತ್ತು.

ಸ್ಯಾಂಡಿ ಬೇ ಕಡೆಗೆ ಇಳಿಯುವ ರಸ್ತೆ ಹಾವಿನ ಹಾಗೆ ಮಡಚಿಕೊಂಡು ಹೋಗುತ್ತದೆ. ಎದುರು ಬರುವ ಪ್ರತಿ ಗಾಡಿಯವರೂ ಕೈಯೆತ್ತುತ್ತಾರೆ. ಗುರುತಿದ್ದರೂ ಇಲ್ಲದಿದ್ದರೂ. ನಾನೂ ಎತ್ತಲು ಕಲಿತಿದ್ದೇನೆ. ಬೆಳಿಗ್ಗೆ ಜೇಮ್ಸ್‌ಟೌನಿನಿಂದ ಏರಿ ಬರುವಾಗ ರಸ್ತೆಯ ಕೆಳಗೆ ಬ್ರಯರ್ಸ್ ಎಂಬ ತೋಟ ಕಂಡಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಯ ಆಡಳಿತ ವಹಿಸಿಕೊಂಡಿದ್ದ ಆರ್ಥರ್ ವೆಲ್ಲೆಸ್ಲಿ 1805ರಲ್ಲಿ ಭಾರತ ಬಿಟ್ಟು ಹೋಗುವಾಗ ಈ ತೋಟದಲ್ಲಿ ತಂಗಿದ್ದ. ಹತ್ತು ವರ್ಷದ ಮೇಲೆ ವಾಟರ್ಲೂನಲ್ಲಿ ಅವನ ಕೈಯಲ್ಲಿ ಸೋತ ನೆಪೋಲಿಯನ್, ಸೆರೆಯ ಮೊದಲ ವಾರಗಳನ್ನು ಕಳೆದದ್ದೂ ಅದೇ ಬ್ರಯರ್ಸ್‌ನಲ್ಲಿ. ಆಮೇಲೆ ಲಾಂಗ್‌ವುಡ್‌ನ ಮನೆ, 1821ರ ಮೇ 5ರಂದು ಸಾವು. ಅದನ್ನು ಬರೆದವರು ಬೇಕಾದಷ್ಟು ಜನ ಇದ್ದಾರೆ. ಅವನಿಗಿಂತ ಮುನ್ನೂರು ವರ್ಷ ಮೊದಲು ಇಲ್ಲಿಗೆ ಬಂದ ಒಬ್ಬ ನನ್ನ ತಲೆಯಲ್ಲಿ ಬೆಳಿಗ್ಗೆಯಿಂದ ಓಡಾಡುತ್ತಿದ್ದಾನೆ.

ಸ್ಯಾಂಡಿ ಬೇ ದಂಡೆಯಲ್ಲಿ ಗಾಡಿ ನಿಲ್ಲಿಸಿದಾಗ ಬೇರೆಯೇ ಬಿಸಿಲು. ಮಳೆಯಂಗಿ ಚೀಲ ಸೇರಿತು. ಮರಳು ಕಪ್ಪು, ಅಲೆ ಹಿಂದೆ ಸರಿದಾಗ ಎಣ್ಣೆ ಸವರಿದ ಕಾವಲಿಯ ಹಾಗೆ ಹೊಳೆಯುತ್ತದೆ. ಈಸ್ಟ್ ಇಂಡಿಯಾ ಕಂಪನಿ ಕಾಲದ ಕೋಟೆಗೋಡೆಯ ತುಂಡುಗಳು, ಅವುಗಳ ಮೇಲೆ ದಿಣ್ಣೆಯಲ್ಲಿ ಹಳೆಯ ಸುಣ್ಣದ ಗೂಡು. ಆ ಗೂಡಿನ ಮುಂದೆ ಹಳದಿ ಅಂಗಿಯವರು (ಅಂಗಿ ಈಗ ಇಲ್ಲ, ಆದರೂ ನನಗೆ ಅದೇ ಹೆಸರು) ಒಂದು ನಿಮಿಷ ನಿಲ್ಲುತ್ತಾರೆ. ಇಲ್ಲಿ ಸುಟ್ಟದ್ದು ಎಬನಿ, ಎನ್ನುತ್ತಾರೆ. ಈ ದ್ವೀಪದಲ್ಲಿ ಮಾತ್ರ ಬೆಳೆಯುತ್ತಿದ್ದ ಕರಿಮರ. ಈ ಒಣ ಇಳಿಜಾರುಗಳಲ್ಲೆಲ್ಲ ಅದರ ಕಾಡಿತ್ತು. ಕೋಟೆ ಕಟ್ಟಲು ಸುಣ್ಣ ಬೇಕಾಯಿತು, ಸುಣ್ಣ ಸುಡಲು ಸೌದೆ ಬೇಕಾಯಿತು.

ಹಾದಿ ಏರುತ್ತದೆ. ನೆರಳು ಎಂಬುದಿಲ್ಲ. ಹೆಜ್ಜೆಯಿಟ್ಟರೆ ಮಣ್ಣು ಹುರಿದ ಅಕ್ಕಿಯಂತೆ ಸದ್ದು ಮಾಡುತ್ತದೆ. ಅಲ್ಲಲ್ಲಿ ಪಾಪಾಸುಕಳ್ಳಿ, ಇಲ್ಲಿಯವರಿಗೆ ಅದು 'ಟಂಗಿ', ಅದರ ಹಣ್ಣಿನಿಂದ ಮದ್ಯ ಬಟ್ಟಿಯಿಳಿಸಿದ್ದೂ ಇದೆ. ಬೆಟ್ಟದ ಮೈಯಲ್ಲಿ ಗೋಡೆ ಕಟ್ಟಿದಂಥ ಗೆರೆಗಳು ಅಡ್ಡಾದಿಡ್ಡಿಯಾಗಿ ಓಡುತ್ತವೆ. ಮೊದಲು ಇವೂ ಕಂಪನಿಯವರ ಕೋಟೆಯೇ ಇರಬೇಕೆಂದುಕೊಂಡೆ. ಹತ್ತಿರ ಹೋಗಿ ಕೈಯಿಟ್ಟಾಗ ಗೊತ್ತಾಯಿತು. ಕುದಿಯುವ ಶಿಲಾರಸ ಬೆಟ್ಟದ ಬಿರುಕುಗಳಲ್ಲಿ ಮೇಲೇರಿ ಅಲ್ಲೇ ಹೆಪ್ಪುಗಟ್ಟಿದೆ. ಸುತ್ತಲಿನ ಮೆದು ಕಲ್ಲನ್ನು ಮಳೆ ಗಾಳಿಗಳು ಕೊರೆದು ಒಯ್ದ ಮೇಲೆ ಬಿರುಕಿನ ಅಚ್ಚು ಗೋಡೆಯಾಗಿ ಹೊರಗೆ ನಿಂತಿದೆ. ಈ ಜಾಗಕ್ಕೆ ಇಲ್ಲಿಯವರು ಕೊಟ್ಟ ಹೆಸರು 'ಗೇಟ್ಸ್ ಆಫ್ ಕೇಯಾಸ್', ಪ್ರಳಯದ ಬಾಗಿಲು. ಇಲ್ಲಿಯ ಬೆಂಕಿ ಆರಿ ಸುಮಾರು 70 ಲಕ್ಷ ವರ್ಷ. ಬೆಂಕಿ ಕಟ್ಟಿದ್ದನ್ನು ಅಂದಿನಿಂದ ನೀರು ಒಡೆಯುತ್ತಿದೆ, ನಾವು ನಡೆಯುತ್ತಿರುವುದು ಆ ಬೆಟ್ಟದ ಒಳಗರುಳಿನಲ್ಲಿ.

ಬಣ್ಣಗಳು ಮಾತ್ರ ಕಣ್ಣಿಗೆ ಹಬ್ಬ. ಒಂದು ತಿರುವಿನಲ್ಲಿ ನೆಲ ಕುಂಕುಮ, ಮುಂದಿನದರಲ್ಲಿ ನೇರಳೆಹಣ್ಣು, ಅದರಾಚೆ ಮಜ್ಜಿಗೆಯ ಬಿಳುಪು. ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯದು. ಆದರೆ ಈ ಚೆಲುವಿನಲ್ಲಿ ಒಂದು ಪಾಲು ಗಾಯದ್ದು. ಮರ ಇದ್ದಿದ್ದರೆ ಮಣ್ಣು ಇರುತ್ತಿತ್ತು, ಮಣ್ಣು ಇದ್ದಿದ್ದರೆ ಈ ಬಣ್ಣ ಒಳಗೇ ಇರುತ್ತಿತ್ತು. 1502ರಲ್ಲಿ, ಭಾರತದಿಂದ ಮರಳುತ್ತಿದ್ದ ಜೊಆವೊ ಡ ನೋವಾನ ಹಡಗುಗಳು ಈ ದ್ವೀಪವನ್ನು ಕಂಡವು. ಸ್ವಲ್ಪ ಕಾಲದಲ್ಲೇ ಪೋರ್ಚುಗೀಸರು ಮುಂದಿನ ಹಡಗುಗಳಿಗೆ ಮಾಂಸ ಬೇಕೆಂದು ಇಲ್ಲಿ ಆಡುಗಳನ್ನು ಬಿಟ್ಟರು. ಅವಕ್ಕೆ ಶತ್ರುಗಳೇ ಇರಲಿಲ್ಲ. 1588ರಲ್ಲಿ ಬಂದ ಇಂಗ್ಲಿಷ್ ನಾವಿಕ ಥಾಮಸ್ ಕ್ಯಾವೆಂಡಿಷ್ ಹೆಚ್ಚುಕಡಿಮೆ ಮೈಲುದ್ದದ ಹಿಂಡುಗಳನ್ನು ಕಂಡ. ಎಳೆ ಚಿಗುರು ಎದ್ದ ಕೂಡಲೇ ಆಡಿನ ಬಾಯಿಗೆ ಹೋಯಿತು. ಮುದಿಮರ ಬಿದ್ದಾಗ ಜಾಗಕ್ಕೆ ಮರಿಮರವಿಲ್ಲ.

ಲಾಟನ ಹೆಂಡತಿ ಈಗ ಮೇಲೆ, ಕತ್ತು ನೋಯುವಷ್ಟು ಮೇಲೆ. ಹಾದಿಗೆ ಉರುಳಿ ಬಿದ್ದಿದ್ದ ಒಂದು ಬೂದುಹಸಿರು ಚಪ್ಪಡಿಯನ್ನು ಹಳದಿ ಅಂಗಿಯವರು ಎತ್ತಿ ಇನ್ನೊಂದು ಕಲ್ಲಿನಿಂದ ಬಡಿಯುತ್ತಾರೆ. ಟಣ್. ಕಂಚಿನ ತಟ್ಟೆಯ ನಾದ. ಫೋನೊಲೈಟ್ ಎಂಬ ಈ ಶಿಲೆಯ ಹೆಸರಿನ ಅರ್ಥವೇ ನಾದದ ಕಲ್ಲು. ಅಗ್ನಿಪರ್ವತದ ಕೊನೆಗಾಲದಲ್ಲಿ ಗಂಟಲಿಗೆ ಸಿಕ್ಕಿಕೊಂಡು ಗಟ್ಟಿಯಾದ ತುತ್ತು ಇದು. ಗಂಟಲು ಸವೆದುಹೋಗಿ ತುತ್ತು ಉಳಿದಿದೆ. ನಾನೂ ಒಮ್ಮೆ ಬಡಿದೆ. ಕಣಿವೆಯಾಚೆ ಎರಡು ಬಿಳಿಹಕ್ಕಿಗಳು ಎದ್ದವು.

ಒಂದು ಕಲ್ಲಿನ ಮಗ್ಗುಲ ಅಂಗೈಯಗಲ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಟೊಮೆಟೊ ಗೊಜ್ಜು ಸವರಿದ ಬ್ರೆಡ್, ಇಲ್ಲಿ ಅದರ ಹೆಸರು 'ಬ್ರೆಡ್ ಅಂಡ್ ಡಾನ್ಸ್'. ಕುಣಿತದ ರಾತ್ರಿಗಳಲ್ಲಿ ಹಂಚುತ್ತಿದ್ದುದರಿಂದ ಹಾಗೆ. ಜೊತೆಗೆ ಮೆಣಸಿನಕಾಯಿ ಹಾಕಿದ ಟ್ಯೂನಾ ಮೀನಿನ ವಡೆ. ನಿನ್ನೆ ರಾತ್ರಿ ಅವರ ಮನೆಯಲ್ಲಿ ಉಂಡದ್ದು 'ಪ್ಲೋ'. ಅನ್ನ, ಮಸಾಲೆ, ಮಾಂಸ ಒಂದೇ ಪಾತ್ರೆಯಲ್ಲಿ. ಪಲಾವ್ ಎಂಬ ಪದ ಈ ನಡುಗಡಲಿನಲ್ಲಿ ಹೀಗೆ ಸವೆದು ಉಳಿದಿದೆ.

ಈಗ, ಬೆಳಿಗ್ಗೆಯಿಂದ ತಲೆಯಲ್ಲಿ ಓಡಾಡುತ್ತಿದ್ದ ಆ ಮನುಷ್ಯನ ಕಥೆ. ಫೆರ್ನಾವ್ ಲೋಪೆಸ್, ಪೋರ್ಚುಗಲ್ಲಿನ ಸಿಪಾಯಿ. ಬಿಜಾಪುರದ ಆದಿಲ್‌ಶಾಹಿಯಿಂದ 1510ರಲ್ಲಿ ಪೋರ್ಚುಗೀಸರ ದಂಡನಾಯಕ ಅಲ್ಬುಕರ್ಕ್ ಗೋವಾ ಕಿತ್ತುಕೊಂಡಾಗ ಅವನ ಕಡೆಯಲ್ಲಿದ್ದವನು. ಆಮೇಲೆ ಬಿಜಾಪುರದ ಪಾಳೆಯಕ್ಕೆ ಹಾರಿದ, ಮತ ಬದಲಿಸಿದ, ಸೇನಾನಿ ರಸೂಲ್ ಖಾನನ ಜೊತೆ ನಿಂತು ತನ್ನವರ ವಿರುದ್ಧವೇ ಕಾದಿದ. 1512ರಲ್ಲಿ ಬಾಣಸ್ತರಿಯ ಕೋಟೆಯಲ್ಲಿ ರಸೂಲ್ ಖಾನ್ ಶರಣಾದಾಗ ಪೋರ್ಚುಗೀಸ್ ಪಕ್ಷಾಂತರಿಗಳನ್ನು ಒಪ್ಪಿಸಬೇಕಾಯಿತು, ಪ್ರಾಣ ತೆಗೆಯಬಾರದೆಂಬ ಕರಾರಿನ ಮೇಲೆ. ಅಲ್ಬುಕರ್ಕ್ ಪ್ರಾಣ ತೆಗೆಯಲಿಲ್ಲ. ಮೂಗು, ಕಿವಿ, ಬಲಗೈ, ಎಡಗೈಯ ಹೆಬ್ಬೆರಳು ತೆಗೆಸಿದ.

ಅಲ್ಬುಕರ್ಕ್ ಸತ್ತ ಮೇಲೆ ಲೋಪೆಸ್ ಊರಿಗೆ ಹೊರಟ ಹಡಗು ಹತ್ತಿದ. ನೀರು ತುಂಬಿಸಲು ಹಡಗು ಸೇಂಟ್ ಹೆಲೆನಾದಲ್ಲಿ ನಿಂತಿತು. ಅವನು ಇಳಿದು ಕಾಡಿಗೆ ನಡೆದ, ಮರಳಿ ಬರಲಿಲ್ಲ. ಕೂಗಿ ಹುಡುಕಿ ಸೋತ ಜೊತೆಗಾರರು ಒಂದಿಷ್ಟು ಬಿಸ್ಕತ್ತು, ಹಳೆ ಬಟ್ಟೆ, ಬೆಂಕಿ ದಂಡೆಯಲ್ಲಿಟ್ಟು ಹೋದರು. ಉಳಿದ ನಾಲ್ಕು ಬೆರಳಿನಿಂದ ಮಣ್ಣಿನ ದಿಬ್ಬ ತೋಡಿ ಅದರಲ್ಲಿ ಮಲಗಿದ. ಮುಂದಿನ ವರ್ಷ ಹಡಗು ಬಂದಾಗ ಅಡಗಿದ. ಆ ಹಡಗಿನಿಂದ ನೀರಿಗೆ ಬಿದ್ದ ಒಂದು ಹುಂಜವನ್ನು ದಡಕ್ಕೆ ತಂದು ಒಣಗಿಸಿ ಸಾಕಿದ. ಹಗಲೆಲ್ಲ ಅದು ಅವನ ಹಿಂದೆ ತಿರುಗುತ್ತಿತ್ತು, ರಾತ್ರಿ ಅವನ ಗುಳಿಯಲ್ಲೇ ಮಲಗುತ್ತಿತ್ತು. ವರ್ಷಗಳ ಮೇಲೆ ಪೋರ್ಚುಗಲ್ಲಿನ ದೊರೆ ಕರೆಸಿಕೊಂಡ, ರೋಮಿನಲ್ಲಿ ಪೋಪ್ ಕ್ಷಮಿಸಿದರು. ಅವನು ಬೇಡಿಕೊಂಡದ್ದು ಮತ್ತೆ ದ್ವೀಪಕ್ಕೆ ಕಳಿಸಿ ಎಂದು. 1545ರ ಸುಮಾರಿಗೆ ಇಲ್ಲೇ ಸತ್ತ, ಬಂದು ಮೂವತ್ತು ವರ್ಷಗಳಾದ ಮೇಲೆ. ಹಾದುಹೋಗುವ ಹಡಗುಗಳು ಕೊಟ್ಟ ಬೀಜ ಬಿತ್ತಿದ, ಹಣ್ಣಿನ ಗಿಡ ಬೆಳೆಸಿದ, ಆಡು ಸಾಕಿದ. ಆ ಆಡುಗಳ ಕುರಿತು ನನ್ನ ಮನಸ್ಸು ಎರಡಾಗುತ್ತದೆ. ಅವನಿಗೆ ಹಾಲು ಕೊಟ್ಟ ಕುಲವೇ ಅವನನ್ನು ಅಡಗಿಸಿಟ್ಟ ಕಾಡನ್ನು ತಿಂದಿತು.

ಎದ್ದು ನಡೆದೆವು. ಹಾದಿ ಬಂಡೆಯ ಅಂಚಿಗೆ ಬಂದು ಮುಗಿದಂತೆ ಕಾಣುತ್ತದೆ. ಬಿಳಿ ಮೈ, ಕಪ್ಪು ಮುಖವಾಡದ ಕಡಲಹಕ್ಕಿಯೊಂದು ದಾರಿಯ ಬದಿಯಲ್ಲೇ ಬರೀ ನೆಲದ ಮೇಲೆ ಕುಳಿತಿದೆ, ಮೊಟ್ಟೆಯೋ ಮರಿಯೋ ಅಡಿಯಲ್ಲಿ. ನಾವು ದೂರ ಸುತ್ತಿಕೊಂಡು ಹೋದೆವು. ಅದು ಏಳಲಿಲ್ಲ, ಕತ್ತು ಮಾತ್ರ ನಮ್ಮ ಜೊತೆ ತಿರುಗಿತು. ಆಮೇಲೆ ಹಗ್ಗ.

ಕಬ್ಬಿಣದ ಗೂಟಕ್ಕೆ ಬಿಗಿದ ದಪ್ಪ ಹಗ್ಗ, ಅಲ್ಲಲ್ಲಿ ಗಂಟು. ಕೆಳಗೆ ಸಮುದ್ರದ ಬಿಳಿ ನೊರೆ. ಮುಖ ಬಂಡೆಗೆ, ಬೆನ್ನು ಗಾಳಿಗೆ. ಎರಡು ಗಂಟು ಇಳಿದ ಮೇಲೆ ನನಗೆ ತಿಳಿಯಿತು, ಹಗ್ಗ ಹಿಡಿಯುವುದು ಹೆಬ್ಬೆರಳು. ಮಿಕ್ಕ ನಾಲ್ಕು ಬೆರಳು ಸುತ್ತಿಕೊಳ್ಳುತ್ತವೆ ಅಷ್ಟೆ, ಬೀಗ ಹಾಕುವುದು ಅದು. ಹೆಬ್ಬೆರಳನ್ನು ಒಂದು ಕ್ಷಣ ಸಡಿಲಿಸಿ ನೋಡಿದೆ. ನಾರು ಅಂಗೈಯಲ್ಲಿ ಜಾರಿತು, ಹೊಟ್ಟೆಯಲ್ಲಿ ತಣ್ಣಗಾಯಿತು. ಮತ್ತೆ ಬಿಗಿ ಹಿಡಿದೆ. ಮೇಲಿನಿಂದ ಅವರು ಏನಾಯಿತು ಎಂದು ಕೂಗಿದರು. ಏನಿಲ್ಲ ಎಂದೆ. ಅವನು ಹೇಗೆ ಬೆಂಕಿ ಹೊತ್ತಿಸಿದ, ಹೇಗೆ ಹಣ್ಣು ಸುಲಿದ, ಆ ಒದ್ದೆ ಹುಂಜವನ್ನು ಹೇಗೆ ಎತ್ತಿಕೊಂಡ?

ಕೊಳಗಳು ಕೆಳಗೆ ಕಾಯುತ್ತಿವೆ. ಕರಿಬಂಡೆಯ ಸಾಲೊಂದು ಸಮುದ್ರಕ್ಕೆ ಅಡ್ಡ ಕಟ್ಟೆಯಾಗಿ ನಿಂತಿದೆ. ಅದರಾಚೆ ಅಲೆಗಳು ಅಪ್ಪಳಿಸಿ ಆಳೆತ್ತರ ಎಗರುತ್ತವೆ, ಈಚೆ ನೀರು ಗಾಜು. ಪ್ರತಿ ಅಲೆಗೂ ಒಂದು ತೆಳು ಹಾಳೆ ಕಟ್ಟೆ ದಾಟಿ ಬಂದು ಕೊಳವನ್ನು ತಣಿಸಿ ಹೋಗುತ್ತದೆ. ಇಳಿದರೆ ಮೊದಲು ಉಸಿರು ಸಿಕ್ಕಿಕೊಳ್ಳುವ ಚಳಿ, ಆಮೇಲೆ ಮೈಯೆಲ್ಲ ಹಗುರ. ಪಟ್ಟೆಪಟ್ಟೆಯ ಸಣ್ಣ ಮೀನುಗಳು ಕಾಲ ಬೆರಳು ಪರೀಕ್ಷಿಸುತ್ತವೆ. ಅಂಗಾತ ತೇಲಿದಾಗ ಕಿವಿ ನೀರೊಳಗೆ, ಕಡಲ ಗುಡುಗು ಮೈಗೆ ಕೇಳಿಸುತ್ತದೆ. ನೇರ ಮೇಲೆ ಅವಳು, ಲಾಟನ ಹೆಂಡತಿ, ಬೆನ್ನ ಹಿಂದೆ ಓಡುವ ಮೋಡಗಳಿಂದಾಗಿ ಇನ್ನೇನು ನಡೆದುಬಿಡುವಳೆಂಬಂತೆ. ಹೊತ್ತು ಎಷ್ಟಾಯಿತೋ.

ಬಂಡೆಯ ಮೇಲೆ ಮೈ ಒಣಗಿಸಿಕೊಳ್ಳುವಾಗ ಅವರು ಪಶ್ಚಿಮಕ್ಕೆ ಕೈ ಮಾಡಿದರು. ಆ ದಿಕ್ಕಿನಲ್ಲಿ ಕತ್ತೆಕಿವಿ ಎಂದೇ ಹೆಸರಿರುವ ಇನ್ನೊಂದು ಜೋಡಿ ಕೋಡುಗಲ್ಲು ಇದೆ. ಎಬನಿ ಮರ ಅಳಿದೇ ಹೋಯಿತೆಂದು ನೂರು ವರ್ಷಕ್ಕೂ ಹೆಚ್ಚು ಕಾಲ ಜಗತ್ತು ನಂಬಿತ್ತು. 1980ರಲ್ಲಿ ಸಸ್ಯಶಾಸ್ತ್ರಜ್ಞ ಕ್ವೆಂಟಿನ್ ಕ್ರಾಂಕ್ ಮತ್ತು ದ್ವೀಪದವರೇ ಆದ ಜಾರ್ಜ್ ಬೆಂಜಮಿನ್ ಆ ಬಂಡೆಗಳ ಹತ್ತಿರ ಅಲೆಯುವಾಗ ಪ್ರಪಾತದ ಮುಖದಲ್ಲಿ ಗುರುತು ಸಿಗದ ಎರಡು ಕುಳ್ಳು ಪೊದೆಗಳನ್ನು ಕಂಡರು. ಆಡಿನ ಕಾಲೂ ಸೌದೆಯ ಕೊಡಲಿಯೂ ತಲುಪದ ಜಾಗ. ಜಾರ್ಜ್ ಅವರ ಸಹೋದರ ಚಾರ್ಲಿ ಹಗ್ಗ ಕಟ್ಟಿಕೊಂಡು ಇಳಿದು ಒಂದು ರೆಂಬೆ ಕತ್ತರಿಸಿ ತಂದರು. ಹೂ ನೋಡಿ ಗುರುತು ಹಿಡಿದರು. ಎಬನಿ. ಇಡೀ ಭೂಮಿಯ ಮೇಲೆ ಉಳಿದಿದ್ದ ಎರಡು.

ಆ ಎರಡರ ತುಂಡುಗಳಿಗೆ ಬೇರು ಬರಿಸಿದ್ದು ಜಾರ್ಜ್ ಬೆಂಜಮಿನ್ ಮತ್ತು ಅವರ ಜೊತೆಯವರು. ಇಂದು ದ್ವೀಪದ ತುಂಬ ಸಾವಿರಾರು ಸಸಿಗಳಿವೆ. ಇದನ್ನು ಹೇಳುವಾಗ ಹಳದಿ ಅಂಗಿಯವರ ದನಿ ಸಣ್ಣದಾಗುತ್ತದೆ. ಅವರ ಕೈಗಳನ್ನು ನೋಡಿದೆ. ಉಗುರಿನ ಅಂಚಿನಲ್ಲಿ ಬೆಳಗಿನ ಕೆಮ್ಮಣ್ಣು ಕೊಳದ ನೀರಿಗೂ ಹೋಗಿಲ್ಲ.

ಹಗ್ಗ ಹಿಡಿದು ಏರುವುದು ಇಳಿದದ್ದಕ್ಕಿಂತ ಸುಲಭ. ಅಂಚಿನ ಹಕ್ಕಿ ಅಲ್ಲೇ ಕುಳಿತಿತ್ತು. ಸ್ಯಾಂಡಿ ಬೇ ತಲುಪುವಾಗ ಸುಣ್ಣದ ಗೂಡಿನ ನೆರಳು ದಿಣ್ಣೆಯುದ್ದಕ್ಕೂ ಚಾಚಿತ್ತು. ಮೇಲೆ, ಶಿಖರದ ಮೋಡ ಇನ್ನೂ ಅಲ್ಲೇ.

ಅವರ ಮನೆ ಕಣಿವೆಯ ನಡುಮಟ್ಟದಲ್ಲಿ, ಬಾಳೆಯ ಸಾಲಿನ ಹಿಂದೆ. ಗೇಟಿನ ಪಕ್ಕ, ಸುತ್ತ ಕಲ್ಲು ಜೋಡಿಸಿದ ಮಡಿಯಲ್ಲಿ ಮೊಣಕಾಲೆತ್ತರದ ಒಂದು ಪೊದೆ. ಮುಸ್ಸಂಜೆಯಲ್ಲಿ ಬಿಳಿ ಹೂಗಳು ದೀಪದ ಹಾಗೆ ಎದ್ದು ಕಾಣುತ್ತಿವೆ. ಐದು ಎಸಳು. ದಾಸವಾಳದ ಬಳಗವೆಂದು ಯಾರೂ ಹೇಳಬೇಕಾಗಿಲ್ಲ, ನಮ್ಮ ಹಿತ್ತಲಿನಲ್ಲಿ ಬೆಳೆದವರಿಗೆ ಗೊತ್ತಾಗುತ್ತದೆ. ಹಳೆಯದಾದ ಒಂದೆರಡು ಹೂ ಅಂಚಿನಲ್ಲಿ ನಸುಗೆಂಪಾಗಿವೆ. ಅವರು ಚೀಲ ಇಳಿಸಿ ಬಾಟಲಿ ತೆಗೆದರು. ದಿನವಿಡೀ ಹೊತ್ತು ಉಳಿದದ್ದು ನಾಲ್ಕು ಗುಟುಕು. ಬೇಕೇ ಎಂಬಂತೆ ನನ್ನ ಕಡೆ ನೋಡಿದರು. ನಾನು ಬೇಡವೆಂದು ತಲೆಯಾಡಿಸಿದೆ. ಬಗ್ಗಿ ಬುಡಕ್ಕೆ ಸುರಿದರು, ಮಣ್ಣು ಸಣ್ಣಗೆ ಸದ್ದು ಮಾಡಿ ಕುಡಿಯಿತು.